ಕುದಿಯುವ ಹಾಲು, ಮಜ್ಜಿಗೆಯ ಹನಿ: ಕನ್ನಡದಲ್ಲಿ ಅಲಂಕಾರದ ಹಾದಿ

ಕನ್ನಡದಲ್ಲಿ ಉಳಿದುಬಂದಿರುವ ಮೊದಲ ಗ್ರಂಥ ಕಥೆಯಲ್ಲ, ಪುರಾಣವಲ್ಲ. ಕಾವ್ಯ ಬರೆಯುವವರಿಗೆ ದಾರಿ ತೋರುವ ಅಲಂಕಾರಶಾಸ್ತ್ರ. ಸುಮಾರು ಕ್ರಿ.ಶ. 850ರ ‘ಕವಿರಾಜಮಾರ್ಗ’ ರಾಷ್ಟ್ರಕೂಟ ದೊರೆ ಅಮೋಘವರ್ಷ ನೃಪತುಂಗನ ಆಸ್ಥಾನದಲ್ಲಿ ಹುಟ್ಟಿತು. ಬರೆದವನು ಶ್ರೀವಿಜಯನೆಂಬುದು ಈಗ ಹೆಚ್ಚಿನ ವಿದ್ವಾಂಸರ ಮತ. ದಂಡಿಯ ಸಂಸ್ಕೃತ ‘ಕಾವ್ಯಾದರ್ಶ’ ಅದಕ್ಕೆ ಆಧಾರ. ‘ಕವಿರಾಜಮಾರ್ಗ’ದ ಮೂರು ಪರಿಚ್ಛೇದಗಳಲ್ಲಿ ಮೊದಲನೆಯದು ಮುಖ್ಯವಾಗಿ ಕಾವ್ಯದೋಷಗಳನ್ನು, ಎರಡನೆಯದು ಶಬ್ದಾಲಂಕಾರವನ್ನು, ಮೂರನೆಯದು ಅರ್ಥಾಲಂಕಾರವನ್ನು ವಿವರಿಸುತ್ತದೆ.

ಈ ಎರಡು ಬಗೆಯ ಅಲಂಕಾರಗಳ ವ್ಯತ್ಯಾಸ ಸರಳವಾದದ್ದು. ‘ಮಗುವಿನ ಮುಖ ಚಂದ್ರನಂತೆ ದುಂಡಗಿದೆ’ ಎಂಬಲ್ಲಿ ಮುಖ ಉಪಮೇಯ, ಚಂದ್ರ ಉಪಮಾನ, ‘ಅಂತೆ’ ವಾಚಕ, ದುಂಡಗಿರುವುದು ಸಮಾನಧರ್ಮ. ಚಂದ್ರನ ಬದಲು ‘ತಿಂಗಳು’ ಎಂದರೂ ಉಪಮೆ ಕೆಡದು, ಏಕೆಂದರೆ ಅದು ನಿಂತಿರುವುದು ಅರ್ಥದ ಮೇಲೆ. ‘ಅಂತೆ’ಯನ್ನು ತೆಗೆದು ಮುಖವೇ ಚಂದ್ರ ಎಂದರೆ ರೂಪಕ. ಪ್ರಾಸ ಹಾಗಲ್ಲ, ಅಲ್ಲಿ ಒಂದು ಅಕ್ಷರ ಬದಲಾದರೂ ಅಲಂಕಾರವೇ ಹೋಯಿತು.

ಸಂಸ್ಕೃತದಿಂದ ಬಂದ ಶಾಸ್ತ್ರಕ್ಕೆ ಕನ್ನಡದ ಕಿವಿ ತನ್ನ ತೀರ್ಪನ್ನು ಕೊಟ್ಟದ್ದು ಈ ಪ್ರಾಸದ ವಿಷಯದಲ್ಲೇ. ಸಂಸ್ಕೃತ ಪದ್ಯಕ್ಕೆ ಕಡ್ಡಾಯವಲ್ಲದ ಪ್ರಾಸ ಕನ್ನಡಕ್ಕೆ ಸದಾ ಶೋಭೆ ಎಂದು ‘ಕವಿರಾಜಮಾರ್ಗ’ ಎತ್ತಿ ಹೇಳುತ್ತದೆ. ಪ್ರತಿ ಪಾದದ ಎರಡನೆಯ ಅಕ್ಷರದಲ್ಲಿ ಅದೇ ವ್ಯಂಜನ ಬರಬೇಕು. ಸುಮಾರು 990ರ ‘ಛಂದೋಂಬುಧಿ’ಯಲ್ಲಿ ನಾಗವರ್ಮ ಈ ಪ್ರಾಸವನ್ನು ಆರು ಬಗೆಯಾಗಿ ಪ್ರಾಣಿಗಳ ಹೆಸರಿನಲ್ಲಿ ವಿಂಗಡಿಸಿದ. ‘ಮರ, ಹರಿ’ ಎಂಬಂತೆ ಮೊದಲ ಅಕ್ಷರ ಹ್ರಸ್ವವಾದರೆ ಸಿಂಹ. ‘ಮಾತು, ಸೋತು’ ಎಂಬಂತೆ ದೀರ್ಘವಾದರೆ ಗಜ. ‘ಬಂದ, ಕಂದ’ ಎಂಬಂತೆ ಬಿಂದುವಿದ್ದರೆ ವೃಷಭ. ‘ಕಲ್ಲು, ಹುಲ್ಲು’ ಎಂಬಂತೆ ಒತ್ತಕ್ಷರ ಅದೇ ಅಕ್ಷರದ್ದಾದರೆ ಹಯ. ಬೇರೆ ವ್ಯಂಜನಗಳು ಕೂಡಿದರೆ ಶರಭ, ವಿಸರ್ಗ ಬಂದರೆ ಅಜ. ಹೆಸರು ನೆನಪಿನಲ್ಲಿ ಉಳಿಯಲು ಇದಕ್ಕಿಂತ ಒಳ್ಳೆಯ ಉಪಾಯ ಬೇಕಿರಲಿಲ್ಲ.

ಉಪಮೆಯ ಕಥೆ ಇನ್ನೂ ಚೆಲುವಾದದ್ದು. ಶಾಸ್ತ್ರ ಆಸ್ಥಾನದ್ದಾದರೂ ಹೋಲಿಕೆ ಅಡುಗೆಮನೆಯಿಂದ ಬಂತು. ಸಂಸ್ಕೃತ, ಕನ್ನಡ ಪದಗಳನ್ನು ತಿಳಿಯದೆ ಒಂದೇ ಸಮಾಸದಲ್ಲಿ ಬೆರೆಸಬಾರದೆಂಬ ನಿಯಮವನ್ನು ‘ಕವಿರಾಜಮಾರ್ಗ’ ಹೇಳುವುದು ಕುದಿಯುವ ಹಾಲಿಗೆ ಮಜ್ಜಿಗೆಯ ಹನಿ ಬಿದ್ದಂತೆ ಎಂದು. ಹಾಲು ಒಡೆಯುವುದನ್ನು ಕಂಡವರಿಗೆ ನಿಯಮದ ಕಾರಣವನ್ನು ಬೇರೆ ಹೇಳಬೇಕಾಗಿಲ್ಲ. ಸುಮಾರು 1112ರಲ್ಲಿ ‘ಧರ್ಮಾಮೃತ’ ಬರೆದ ಮುಳುಗುಂದದ ನಯಸೇನ ಇಂಥದೇ ಬೆರಕೆಯನ್ನು ತುಪ್ಪಕ್ಕೆ ಎಣ್ಣೆ ಬೆರೆಸುವುದಕ್ಕೆ ಹೋಲಿಸಿದ. ಊರಬದುಕಿನ ಹೋಲಿಕೆಗಳನ್ನು ಒಂದರ ಹಿಂದೊಂದು ಪೋಣಿಸುವ ಮಾಲೋಪಮೆಯೇ ಅವನ ಕೃತಿಯ ಹೆಗ್ಗುರುತು.

ಎರಡನೆಯ ಅಕ್ಷರದ ಪ್ರಾಸ ಮಾತ್ರ ಸಾವಿರ ವರ್ಷ ಕವಿಗಳನ್ನು ಕಟ್ಟಿಹಾಕಿತು. ಪ್ರಾಸಕ್ಕಾಗಿ ಬೇಡದ ಪದ ತುರುಕುವುದು ಸಾಮಾನ್ಯವಾಗಿತ್ತು. 1911ರಲ್ಲಿ ಮಂಜೇಶ್ವರದ ಗೋವಿಂದ ಪೈ ಆ ಪ್ರಾಸವನ್ನು ಬಿಟ್ಟು ಕವಿತೆ ಬರೆದರು. ಮುಂದಿನ ನವೋದಯದ ಕವಿಗಳಲ್ಲಿ ಸಾಲಿನ ಕೊನೆಯ ಪ್ರಾಸ ಬಳಕೆಗೆ ಬಂತು. ಉಪಮೆ, ರೂಪಕಗಳು ಯಾವ ಅಡ್ಡಿಯೂ ಇಲ್ಲದೆ ಹೊಸ ಕಾವ್ಯಕ್ಕೆ ದಾಟಿದವು.