ಬೆಳಕಿನ ಬರ ನೀಗಿಸಿಕೊಂಡ ಮೊಬೈಲ್ ಕ್ಯಾಮೆರಾ

ಮೊಬೈಲ್ ಕ್ಯಾಮೆರಾದ ಮೇಲಿನ ದೂರುಗಳು ಅದು ಹುಟ್ಟಿದಾಗಿನಿಂದ ಹೆಚ್ಚೇನೂ ಬದಲಾಗಿಲ್ಲ. ಸಂಜೆ ತೆಗೆದ ಫೋಟೊದ ತುಂಬ ಕಾಳುಕಾಳು. ಕಿಟಕಿಗೆ ಬೆನ್ನು ಮಾಡಿ ನಿಂತವರ ಮುಖ ಕಪ್ಪು. ಓಡಾಡುವ ಮಗು ಮಸುಕು. ಮೂರಕ್ಕೂ ಮೂಲ ಒಂದೇ: ಪುಟ್ಟ ಲೆನ್ಸಿನಿಂದ ಒಳಬರುವ ಬೆಳಕು ಸಾಲದು. ಈ ಕೊರತೆಯನ್ನು ಬಳಕೆದಾರರು ಮೊದಲು ಕೈಚಳಕದಿಂದ ತುಂಬಿಕೊಂಡರು. ತಯಾರಕರು ಲೆನ್ಸು, ಸೆನ್ಸರುಗಳನ್ನು ಹಿಗ್ಗಿಸಿ ನೋಡಿದರು. ಕೊನೆಗೆ ಹೆಚ್ಚು ಫಲ ಕೊಟ್ಟದ್ದು ಲೆಕ್ಕಾಚಾರ.

ಮೊಬೈಲ್ ಮೂಲಕ ಫೋಟೊ ಕಳಿಸಿದ ಮೊದಲಿಗರಲ್ಲಿ ಫ್ರಾನ್ಸ್ ಮೂಲದ ತಂತ್ರಾಂಶ ಉದ್ಯಮಿ ಫಿಲಿಪ್ ಕಾನ್ ಹೆಸರು ಪ್ರಸಿದ್ಧ. 1997ರ ಜೂನ್ 11ರಂದು ಕ್ಯಾಲಿಫೋರ್ನಿಯಾದ ಸಾಂಟಾ ಕ್ರೂಜ್‌ನಲ್ಲಿ ಮಗಳು ಹುಟ್ಟಿದಾಗ ಅವರು ಒಂದು ಡಿಜಿಟಲ್ ಕ್ಯಾಮೆರಾ, ಲ್ಯಾಪ್‌ಟಾಪ್ ಮತ್ತು ಮೊಬೈಲನ್ನು ಜೋಡಿಸಿ, ಕೂಸಿನ ಚಿತ್ರವನ್ನು 2,000ಕ್ಕೂ ಹೆಚ್ಚು ಪರಿಚಿತರಿಗೆ ತಲುಪಿಸಿದರು. ಕ್ಯಾಮೆರಾ ಫೋನಿನೊಳಗೇ ಸೇರಿದ್ದು ಪೂರ್ವ ಏಷ್ಯಾದಲ್ಲಿ. 1999ರಲ್ಲಿ ಜಪಾನಿನ ಕ್ಯೊಸೆರಾ ವಿಪಿ-210, 2000ದಲ್ಲಿ ದಕ್ಷಿಣ ಕೊರಿಯಾದ ಸ್ಯಾಮ್‌ಸಂಗ್ ಎಸ್‌ಸಿಎಚ್-ವಿ200 ಮಾರುಕಟ್ಟೆಗೆ ಬಂದವು. ಅದೇ ವರ್ಷದ ನವೆಂಬರಿನಲ್ಲಿ ಜೆ-ಫೋನ್ ಕಂಪನಿಗಾಗಿ ಶಾರ್ಪ್ ತಯಾರಿಸಿದ ಜೆ-ಎಸ್ಎಚ್04 ಬಂತು. ಅದರ ಚಿತ್ರದಲ್ಲಿ ಇದ್ದದ್ದು ಸುಮಾರು 1,10,000 ಪಿಕ್ಸೆಲ್. ಲೆನ್ಸಿನ ಪಕ್ಕದಲ್ಲೇ ಪುಟ್ಟ ಕನ್ನಡಿಯೊಂದನ್ನು ಕೂರಿಸಿದ್ದರು. ಫೋನನ್ನು ತನ್ನತ್ತ ತಿರುಗಿಸಿಕೊಂಡವರು ಅದರಲ್ಲಿ ಮುಖ ನೋಡಿಕೊಂಡು ಸ್ವಂತ ಫೋಟೊ ತೆಗೆದುಕೊಳ್ಳಬಹುದಿತ್ತು.

ಕ್ಯಾಮೆರಾ ಇಷ್ಟು ಕುಗ್ಗಲು ಕಾರಣ ಸಿಮಾಸ್ ಸೆನ್ಸರ್. ಬಾಹ್ಯಾಕಾಶ ನೌಕೆಗಳ ಕ್ಯಾಮೆರಾವನ್ನು ಹಗುರಗೊಳಿಸುವ ಉದ್ದೇಶದಿಂದ 1990ರ ದಶಕದ ಆರಂಭದಲ್ಲಿ ನಾಸಾದ ಜೆಟ್ ಪ್ರೊಪಲ್ಷನ್ ಲ್ಯಾಬೊರೇಟರಿಯಲ್ಲಿ ಎರಿಕ್ ಫಾಸಮ್ ಮತ್ತು ಸಂಗಡಿಗರು ಇದನ್ನು ಬೆಳೆಸಿದರು. ಬೆಳಕನ್ನು ಗ್ರಹಿಸುವ ಕೆಲಸ, ಅದನ್ನು ಅಂಕಿಯಾಗಿಸುವ ಕೆಲಸ ಎರಡೂ ಒಂದೇ ಚಿಪ್ಪಿನಲ್ಲಿ ನಡೆಯುವಂತಾಯಿತು. ವಿದ್ಯುತ್ತಿನ ಖರ್ಚೂ ತಗ್ಗಿತು. ಆದರೆ ಗಾತ್ರದ ಜೊತೆ ಬೆಳಕೂ ಕುಗ್ಗಿತು. ಹಳೆಯ 35 ಎಂಎಂ ಫಿಲ್ಮಿನ ಒಂದು ಚೌಕಟ್ಟು 36×24 ಮಿ.ಮೀ., ಅಂದರೆ 864 ಚದರ ಮಿ.ಮೀ. ಸ್ಮಾರ್ಟ್‌ಫೋನುಗಳಲ್ಲಿ ಬಹುಕಾಲ ವಾಡಿಕೆಯಲ್ಲಿದ್ದ ಸೆನ್ಸರ್ ಸುಮಾರು 4.8×3.6 ಮಿ.ಮೀ., ಅಂದರೆ 17 ಚದರ ಮಿ.ಮೀ.ಗೆ ತುಸು ಹೆಚ್ಚು. ಎರಡರ ನಡುವಿನ ಅಂತರ ಐವತ್ತು ಪಟ್ಟು. ಬೆಳಕಿನ ಕಣಗಳು ಸೆನ್ಸರಿನ ಮೇಲೆ ಒಂದೇ ಸಮನೆ ಬೀಳುವುದಿಲ್ಲ, ಹೇಗೆಂದರೆ ಹಾಗೆ ಬೀಳುತ್ತವೆ. ಬೆಳಕು ಧಾರಾಳವಾಗಿದ್ದಾಗ ಈ ಏರುಪೇರು ಕಾಣುವುದಿಲ್ಲ; ಕಡಿಮೆಯಾದಾಗ ಅದೇ ಕಾಳುಕಾಳಾಗಿ ಎದ್ದು ತೋರುತ್ತದೆ.

ಮಾರುಕಟ್ಟೆ ಮಾತ್ರ ಪಿಕ್ಸೆಲ್ ಎಣಿಸುವುದರಲ್ಲಿ ತೊಡಗಿತ್ತು. 2002ರ ನೋಕಿಯಾ 7650ರಲ್ಲಿ 0.3 ಮೆಗಾಪಿಕ್ಸೆಲ್ ಇದ್ದರೆ, 2007ರ ಎನ್95ರಲ್ಲಿ 5 ಮೆಗಾಪಿಕ್ಸೆಲ್ ಇತ್ತು. ಹಗಲಿನ ಚಿತ್ರಗಳಲ್ಲಿ ವಿವರ ಹೆಚ್ಚಿತು, ನಿಜ. ಆದರೆ ಉಗುರಿನಷ್ಟೂ ಇಲ್ಲದ ಜಾಗವನ್ನು ಹೆಚ್ಚೆಚ್ಚು ಪಿಕ್ಸೆಲ್‌ಗಳು ಹಂಚಿಕೊಂಡಾಗ ಒಂದೊಂದರ ಪಾಲಿಗೆ ಬರುವ ಬೆಳಕು ಇನ್ನಷ್ಟು ಕಡಿಮೆಯಾಗುತ್ತದೆ. ಹೀಗಾಗಿ ಸಂಖ್ಯೆ ಏರಿದಷ್ಟು ಸಲೀಸಾಗಿ ಸಂಜೆಯ ಫೋಟೊ ಸುಧಾರಿಸಲಿಲ್ಲ.

ಆ ದಶಕದಲ್ಲಿ ಒಳ್ಳೆಯ ಫೋಟೊ ಬೇಕಾದವರು ಉಪಾಯಗಳನ್ನು ನೆಚ್ಚಿಕೊಂಡರು. ಮಬ್ಬಿನಲ್ಲಿ ಶಟರ್ ಹೆಚ್ಚು ಹೊತ್ತು ತೆರೆದಿರುವುದರಿಂದ ಕೈ ತುಸು ಅಲುಗಿದರೂ ಚಿತ್ರ ಕೆಡುತ್ತದೆ. ಅದಕ್ಕೆಂದೇ ಮೊಣಕೈಯನ್ನು ಮೇಜಿಗೋ ಗೋಡೆಗೋ ಒತ್ತಿ ಹಿಡಿಯುವುದು, ಬಟನ್ ಒತ್ತುವ ಅಲುಗಾಟ ತಪ್ಪಿಸಲು ಟೈಮರ್ ಇಡುವುದು ರೂಢಿಗೆ ಬಂತು. ಫೋನಿನ ಎಲ್ಇಡಿ ಫ್ಲ್ಯಾಶ್ ಕೆಲವೇ ಅಡಿ ದೂರ ತಲುಪುತ್ತಿದ್ದ ಕಾರಣ ಮುಖವನ್ನು ಕಿಟಕಿಯತ್ತ ತಿರುಗಿಸಿ ನಿಲ್ಲಿಸುವುದೇ ಮೇಲಾಗಿತ್ತು. ಮುಖದ ಇನ್ನೊಂದು ಬದಿಗೆ ಬಿಳಿ ಬಟ್ಟೆಯೋ ಕಾಗದವೋ ಹಿಡಿದರೆ ನೆರಳೂ ತಿಳಿಯಾಗುತ್ತಿತ್ತು. ಅನೇಕ ಫೋನುಗಳಲ್ಲಿ ಫೋಕಸ್ ಬದಲಾಗುತ್ತಿರಲಿಲ್ಲ. 2007ರ ಮೊದಲ ಐಫೋನಿನ 2 ಮೆಗಾಪಿಕ್ಸೆಲ್ ಕ್ಯಾಮೆರಾವೂ ಹಾಗೆಯೇ ಇತ್ತು. ಇಂಥವುಗಳಲ್ಲಿ ತೀರ ಹತ್ತಿರದ ಹೂವು ಮಸುಕಾಗುತ್ತಿದ್ದುದರಿಂದ, ಲೆನ್ಸಿನ ಮೇಲೆ ಒಂದು ಹನಿ ನೀರು ಕೂರಿಸಿ ಅದನ್ನೇ ಭೂತಗನ್ನಡಿಯಾಗಿ ಬಳಸಿದವರೂ ಇದ್ದರು. 2009ರ ಐಫೋನ್ 3ಜಿಎಸ್‌ನಲ್ಲಿ ಪರದೆಯ ಮೇಲೆ ಬೆರಳಿಟ್ಟಲ್ಲಿ ಫೋಕಸ್ ಆಗುವ, ಬೆಳಕಿನ ಮಟ್ಟವೂ ಅಲ್ಲಿಗೆ ಹೊಂದುವ ಸೌಲಭ್ಯ ಬಂತು. ಹಿಂಬೆಳಕಿನಲ್ಲಿ ಕಪ್ಪಾದ ಮುಖವನ್ನು ಒಂದು ಸ್ಪರ್ಶದಿಂದ ಬೆಳಗಿಸುವುದು ಆಗ ಸಾಧ್ಯವಾಯಿತು.

ಇದೇ ಹೊತ್ತಿಗೆ ಇನ್ನೊಂದು ದಾರಿಯೂ ತೆರೆಯಿತು. 2009ರ ಡಿಸೆಂಬರಿನಲ್ಲಿ ಹಿಪ್‌ಸ್ಟಮ್ಯಾಟಿಕ್, 2010ರ ಅಕ್ಟೋಬರಿನಲ್ಲಿ ಇನ್‌ಸ್ಟಾಗ್ರಾಮ್ ಬಂದವು. ಮಾಸಿದ ಬಣ್ಣ, ಕಪ್ಪಾದ ಅಂಚು, ಚೌಕಾಕಾರ ಸೇರಿಸಿ ಫೋಟೊಗೆ ಹಳೆಯ ಫಿಲ್ಮಿನ ಕಳೆ ಕೊಡುವ ಫಿಲ್ಟರುಗಳು ಇವುಗಳಲ್ಲಿದ್ದವು. ಮಂಕು ಫೋಟೊ ತಿದ್ದುವುದು ಕಷ್ಟವಾಗಿದ್ದಾಗ, ಮಂಕನ್ನೇ ಅಲಂಕಾರ ಮಾಡಿದ್ದು ಈ ಆ್ಯಪ್‌ಗಳ ಜಾಣತನ.

ಯಂತ್ರಭಾಗಗಳನ್ನು ದೊಡ್ಡದು ಮಾಡುವ ಯತ್ನ 2012ರ ನೋಕಿಯಾ 808 ಪ್ಯೂರ್‌ವ್ಯೂನಲ್ಲಿ ಎತ್ತರಕ್ಕೆ ಏರಿತು. ಅದರ 41 ಮೆಗಾಪಿಕ್ಸೆಲ್ ಸೆನ್ಸರ್ ಆ ಕಾಲದ ಫೋನುಗಳಿಗೆ ಹೋಲಿಸಿದರೆ ಬಹಳ ದೊಡ್ಡದು. ಅಕ್ಕಪಕ್ಕದ ಹಲವು ಪಿಕ್ಸೆಲ್‌ಗಳನ್ನು ಕೂಡಿಸಿ 5 ಮೆಗಾಪಿಕ್ಸೆಲ್‌ನ ಶುಭ್ರ ಚಿತ್ರ ಕೊಡುವುದು ಅದರ ಕ್ರಮ. ಬೆಲೆಯಾಗಿ ಫೋನಿನ ಬೆನ್ನು ಗೂನಾಯಿತು. ಅದೇ ವರ್ಷದ ಲೂಮಿಯಾ 920ರಲ್ಲಿ ಕೈ ನಡುಗಿದರೆ ಲೆನ್ಸೇ ಸರಿದು ಸರಿದೂಗಿಸುವ ವ್ಯವಸ್ಥೆ ಇತ್ತು. ಆದರೆ ಜೇಬಿಗೆ ಇಳಿಯಬೇಕಾದ ವಸ್ತುವಿನಲ್ಲಿ ಗಾಜು ಬೆಳೆಯುವುದಕ್ಕೆ ಮಿತಿ ಇದ್ದೇ ಇತ್ತು.

ಆ ಮಿತಿಯನ್ನು ದಾಟಿಸಿದ್ದು ಹಲವು ಚಿತ್ರಗಳನ್ನು ಸೇರಿಸಿ ಒಂದಾಗಿಸುವ ವಿಧಾನ. ಯೋಚನೆ ಹಳೆಯದು: 1850ರ ದಶಕದಲ್ಲಿಯೇ ಫ್ರಾನ್ಸಿನ ಗುಸ್ತಾವ್ ಲ ಗ್ರೇ, ಆಕಾಶಕ್ಕೊಂದು ಸಮುದ್ರಕ್ಕೊಂದು ನೆಗೆಟಿವ್ ತೆಗೆದು ಎರಡನ್ನೂ ಒಂದೇ ಮುದ್ರಣದಲ್ಲಿ ಕೂಡಿಸಿದ್ದರು. 2010ರಲ್ಲಿ ಐಫೋನಿಗೆ ಬಂದ ಎಚ್‌ಡಿಆರ್ ಕೂಡ ಬೇರೆ ಬೇರೆ ಬೆಳಕಿನ ಮಟ್ಟದಲ್ಲಿ ಮೂರು ಚಿತ್ರ ತೆಗೆದು ಬೆರೆಸುತ್ತಿತ್ತು. ತೊಡಕೆಂದರೆ, ಆ ಮೂರರ ನಡುವೆ ಯಾರಾದರೂ ಅಲುಗಿದರೆ ಒಬ್ಬರು ಇಬ್ಬರಾಗಿ ಕಾಣುತ್ತಿದ್ದರು.

ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದಲ್ಲಿ ಪ್ರಾಧ್ಯಾಪಕರಾಗಿದ್ದ ಮಾರ್ಕ್ ಲೆವೊಯ್ ಗೂಗಲ್‌ನಲ್ಲಿ ಕಟ್ಟಿದ ತಂಡ ಇದಕ್ಕೆ ಪರಿಹಾರ ಹುಡುಕಿತು. 2013ರಲ್ಲಿ ನೆಕ್ಸಸ್ 5 ಫೋನಿಗೆ ಬಂದ ಎಚ್‌ಡಿಆರ್ ಪ್ಲಸ್, ಎಲ್ಲ ಚಿತ್ರಗಳನ್ನೂ ಒಂದೇ ಮಟ್ಟದಲ್ಲಿ, ಬೇಕೆಂದೇ ತುಸು ಕಪ್ಪಾಗಿ, ಚಕಚಕನೆ ತೆಗೆಯುತ್ತದೆ. ಪ್ರತಿಯೊಂದಕ್ಕೂ ಸಮಯ ಕಡಿಮೆಯಾದ್ದರಿಂದ ಕೈಯ ಅಲುಗಾಟ ತಟ್ಟುವುದಿಲ್ಲ, ಆಕಾಶ ಬೆಳ್ಳಗೆ ಸುಟ್ಟುಹೋಗುವುದಿಲ್ಲ. ಆಮೇಲೆ ಚಿತ್ರಗಳನ್ನು ತುಂಡುತುಂಡಾಗಿ ಹೊಂದಿಸಿ, ಸರಿಹೊಂದದ ತುಂಡುಗಳನ್ನು ಬಿಟ್ಟು, ಉಳಿದವುಗಳ ಸರಾಸರಿ ತೆಗೆಯಲಾಗುತ್ತದೆ. ದೃಶ್ಯ ಎಲ್ಲ ಚಿತ್ರಗಳಲ್ಲೂ ಒಂದೇ, ಕಾಳು ಮಾತ್ರ ಪ್ರತಿ ಸಲ ಬೇರೆ ಬೇರೆ ಕಡೆ ಬೀಳುತ್ತದೆ. ಹಾಗಾಗಿ ಸರಾಸರಿಯಲ್ಲಿ ದೃಶ್ಯ ಉಳಿದು ಕಾಳು ಕರಗುತ್ತದೆ. ಚಿತ್ರಗಳ ಸಂಖ್ಯೆಯ ವರ್ಗಮೂಲಕ್ಕೆ ತಕ್ಕಂತೆ ಅದು ತಗ್ಗುವುದರಿಂದ, ಒಂಬತ್ತು ಚಿತ್ರ ಸೇರಿದರೆ ಕಾಳು ಮೂರನೇ ಒಂದು ಭಾಗಕ್ಕೆ ಇಳಿಯುತ್ತದೆ. ಶುಭ್ರವಾದ ನೆರಳಿನ ಭಾಗವನ್ನು ಆಗ ಧೈರ್ಯವಾಗಿ ಬೆಳಗಿಸಬಹುದು. ಹಿಂಬೆಳಕಿನ ಮುಖವೂ ಆಕಾಶದ ನೀಲಿಯೂ ಒಟ್ಟಿಗೆ ದಕ್ಕಿದ್ದು ಹೀಗೆ.

ಗೆಲುವು ಲೆನ್ಸಿನದಲ್ಲ, ತಂತ್ರಾಂಶದ್ದು ಎಂಬುದಕ್ಕೆ ಸಾಕ್ಷಿ ಒದಗಿಸಿದವರು ಹವ್ಯಾಸಿ ತಂತ್ರಜ್ಞರು. 2014ರ ಆಂಡ್ರಾಯ್ಡ್ 5.0ರಿಂದ ಕ್ಯಾಮೆರಾದ ಕಚ್ಚಾ ಮಾಹಿತಿಯನ್ನು ಹೊರಗಿನ ಆ್ಯಪ್‌ಗಳೂ ಪಡೆಯಲು ದಾರಿಯಾಗಿತ್ತು. 2017ರಲ್ಲಿ ಗೂಗಲ್‌ನ ಕ್ಯಾಮೆರಾ ಆ್ಯಪನ್ನು ಮಾರ್ಪಡಿಸಿ ಬೇರೆ ಕಂಪನಿಗಳ ಫೋನುಗಳಲ್ಲಿ ಓಡಿಸಿದಾಗ, ಅದೇ ಲೆನ್ಸು, ಅದೇ ಸೆನ್ಸರಿನಿಂದ ಎಷ್ಟೋ ಮೇಲಾದ ಫೋಟೊಗಳು ಬಂದವು. ‘ಜಿಕ್ಯಾಮ್’ ಎಂಬ ಹೆಸರಿನಲ್ಲಿ ಇದು ಭಾರತದ ಮಧ್ಯಮ ಬೆಲೆಯ ಫೋನು ಬಳಸುವವರಲ್ಲೂ ಹಬ್ಬಿತು. ಆದರೆ ತಯಾರಕರು ಕಚ್ಚಾ ಮಾಹಿತಿಯ ಬಾಗಿಲು ಮುಚ್ಚಿಟ್ಟ ಫೋನುಗಳಲ್ಲಿ ಈ ಉಪಾಯ ನಡೆಯುತ್ತಿರಲಿಲ್ಲ.

2018 ರಾತ್ರಿಯ ಫೋಟೊಗಳ ವರ್ಷ. ಹುವಾವೇ ಪಿ20 ಪ್ರೊ ಮತ್ತು ಗೂಗಲ್ ಪಿಕ್ಸೆಲ್ ಫೋನುಗಳು ಹಲವು ಸೆಕೆಂಡುಗಳ ಬೆಳಕನ್ನು ಕೈಯಲ್ಲಿ ಹಿಡಿದೇ ಕೂಡಿಸತೊಡಗಿದವು. ಗೂಗಲ್‌ನ ನೈಟ್ ಸೈಟ್, ಕೈಯಲ್ಲಿ ಹಿಡಿದಾಗ ಗರಿಷ್ಠ 15 ಚಿತ್ರ ತೆಗೆಯುತ್ತಿತ್ತು. ಒಂದೊಂದಕ್ಕೂ ಹೆಚ್ಚೆಂದರೆ ಸೆಕೆಂಡಿನ ಮೂರನೇ ಒಂದು ಭಾಗ. ಅದೇ ವರ್ಷದ ಪಿಕ್ಸೆಲ್ 3, ಜೂಮ್ ಮಾಡಿದಾಗ ಕೈಯ ಸಹಜ ನಡುಕವನ್ನೇ ಬಳಸಿಕೊಂಡಿತು. ನಡುಕದಿಂದ ಪ್ರತಿ ಚಿತ್ರ ಕೂದಲೆಳೆಯಷ್ಟು ಸರಿಯುತ್ತದೆ. ಒಂದು ಚಿತ್ರಕ್ಕೆ ಸಿಗದ ವಿವರ ಇನ್ನೊಂದಕ್ಕೆ ಸಿಗುತ್ತದೆ. ಸೋನಿಯ 48 ಮೆಗಾಪಿಕ್ಸೆಲ್ ಸೆನ್ಸರ್ ಪ್ರಕಟವಾದದ್ದೂ ಆಗಲೇ. ಬೆಳಕು ಕಡಿಮೆಯಿದ್ದಾಗ ಅದು ನಾಲ್ಕು ಪಿಕ್ಸೆಲ್‌ಗಳನ್ನು ಒಂದಾಗಿಸಿ 12 ಮೆಗಾಪಿಕ್ಸೆಲ್ ಚಿತ್ರ ಕೊಡುತ್ತದೆ.

ತಂತ್ರಾಂಶದ ಪಾಲು ಹೆಚ್ಚಿದಂತೆ ತಕರಾರೂ ಎದ್ದಿತು. 2023ರಲ್ಲಿ ಬಳಕೆದಾರರೊಬ್ಬರು ಬೇಕೆಂದೇ ಮಸುಕು ಮಾಡಿದ ಚಂದ್ರನ ಚಿತ್ರವನ್ನು ಕಂಪ್ಯೂಟರ್ ಪರದೆಯಲ್ಲಿಟ್ಟು ಸ್ಯಾಮ್‌ಸಂಗ್ ಫೋನಿನಿಂದ ಫೋಟೊ ತೆಗೆದಾಗ, ಮೂಲದಲ್ಲಿಲ್ಲದ ಕುಳಿಗಳ ವಿವರ ಅದರಲ್ಲಿ ಮೂಡಿತ್ತು. ಚಂದ್ರನನ್ನು ಗುರುತಿಸಿ ವಿವರವನ್ನು ಹೆಚ್ಚಿಸುವ ವ್ಯವಸ್ಥೆ ತನ್ನ ಫೋನಿನಲ್ಲಿದೆ ಎಂದು ಕಂಪನಿ ವಿವರಿಸಿತು. ಬಂದ ಬೆಳಕನ್ನು ಕೂಡಿಸುವುದಕ್ಕೂ ಬಾರದ ವಿವರವನ್ನು ಬರೆಯುವುದಕ್ಕೂ ಇರುವ ಗೆರೆ ಅಂದಿನಿಂದ ಚರ್ಚೆಯಲ್ಲಿದೆ.

ಹಳೆಯ ಉಪಾಯಗಳಲ್ಲಿ ಕೆಲವನ್ನು ಫೋನೇ ವಹಿಸಿಕೊಂಡಿದೆ. ಕೆಲವು ಇಂದಿಗೂ ಕೈಯ ಪಾಲಿಗೇ ಉಳಿದಿವೆ. ಲೆನ್ಸಿಗೆ ಅಂಟಿದ ಬೆರಳಿನ ಜಿಡ್ಡು ದೀಪಗಳ ಸುತ್ತ ಮಂಜು ಕವಿಸುತ್ತದೆ. ಎಷ್ಟು ಚಿತ್ರ ಕೂಡಿಸಿದರೂ ಎಲ್ಲದರಲ್ಲೂ ಅದು ಒಂದೇ ಕಡೆ ಇರುವುದರಿಂದ ಸರಾಸರಿಯಲ್ಲಿ ಕರಗದು, ಒರೆಸಲೇಬೇಕು. ನಡುನೆತ್ತಿಯ ಬಿಸಿಲು ಕಣ್ಣ ಕೆಳಗೆ ಕೆಡಹುವ ನೆರಳನ್ನು ತಂತ್ರಾಂಶ ತಿಳಿಗೊಳಿಸಬಹುದು, ಬೆಳಕಿನ ದಿಕ್ಕನ್ನು ನಿಜವಾಗಿ ಬದಲಿಸಲು ಮುಖವನ್ನೇ ತಿರುಗಿಸಬೇಕು. ರಾತ್ರಿ ಓಡುವ ಮಗುವಿನ ಚಿತ್ರಗಳು ಒಂದರೊಡನೊಂದು ಹೊಂದದ ಕಾರಣ ಕೂಡಿಸಲು ಹೆಚ್ಚೇನೂ ಸಿಗುವುದಿಲ್ಲ. ಅಲ್ಲಿ ದೀಪ ಹಾಕುವುದೊಂದೇ ದಾರಿ. ದೂರದ್ದನ್ನು ಹತ್ತಿರ ತರುವ ಲೆನ್ಸ್ ಇಲ್ಲದ ಫೋನಿನಲ್ಲಿ ಪರದೆಯ ಮೇಲೆ ಚಿತ್ರವನ್ನು ಹಿಗ್ಗಿಸುವುದಕ್ಕಿಂತ ನಾಲ್ಕು ಹೆಜ್ಜೆ ಮುಂದೆ ನಡೆಯುವುದರಿಂದ ಈಗಲೂ ಹೆಚ್ಚು ವಿವರ ದಕ್ಕುತ್ತದೆ.