ಕಲ್ಕತ್ತೆಯ ಬಾಬು: ಸೊಗಸುಗಾರಿಕೆ ಮತ್ತು ಜನಪದ ದೃಷ್ಟಿ

ಗಂಡಸರ ಸೊಗಸುಗಾರಿಕೆಯನ್ನು ಕೇವಲ ವೈಯಕ್ತಿಕ ಚಾಪಲ್ಯವೆಂದು ತಳ್ಳಿಹಾಕುವುದು ವಾಡಿಕೆ. ಆದರೆ ಉಡುಗೆಯ ನೆರಿಗೆ, ಕೂದಲ ಬೈತಲೆ, ನಡಿಗೆಯ ಒಯ್ಯಾರಗಳ ಹಿಂದೆ ಆಯಾ ಕಾಲದ ಆರ್ಥಿಕ ವ್ಯವಸ್ಥೆಯೂ ಸಾಮಾಜಿಕ ತಳಮಳವೂ ಅಡಗಿರುತ್ತವೆ. ಹತ್ತೊಂಬತ್ತನೆಯ ಶತಮಾನದ ಕಲ್ಕತ್ತೆಯ 'ಬಾಬು' ಇದಕ್ಕೆ ಉತ್ತಮ ನಿದರ್ಶನ.

1793ರ ಖಾಯಂ ಜಮೀನ್ದಾರಿ ಪದ್ಧತಿಯು ಹಳ್ಳಿಯ ಕಂದಾಯದಿಂದ ನಗರದಲ್ಲಿ ಬದುಕುವ ವರ್ಗವೊಂದನ್ನು ಬೆಳೆಸಿತು. ಕಂಪನಿಯ ವ್ಯಾಪಾರದಲ್ಲಿ ಮಧ್ಯವರ್ತಿಗಳಾಗಿದ್ದವರ ಸಂಪತ್ತೂ ಇದಕ್ಕೆ ಸೇರಿತು. ಹಣವಿದ್ದರೂ ಆಳುವ ಅಧಿಕಾರವಿಲ್ಲದ ಈ ವರ್ಗದ ಮಕ್ಕಳಿಗೆ ತಮ್ಮ ಮೈಯೇ ಪ್ರತಿಷ್ಠೆಯ ರಂಗಸ್ಥಳವಾಯಿತು. ಬಂಗಾಳದ ನೆರಿಗೆಯ ಧೋತಿ, ನವಾಬರ ಹುಕ್ಕಾ, ಇಂಗ್ಲಿಷರ ಬಕಲ್ ಬೂಟು, ಆಲ್ಬರ್ಟ್ ಶೈಲಿಯ ತಲೆಗೂದಲು ಇವೆಲ್ಲವೂ ಒಬ್ಬನಲ್ಲೇ ಕೂಡಿಬಂದವು.

'ಬಾಬು' ಮೂಲತಃ ಗೌರವಸೂಚಕ ಪದ. ಭವಾನೀಚರಣ ಬಂದ್ಯೋಪಾಧ್ಯಾಯರ 'ನವಬಾಬುವಿಲಾಸ' (1825) ಹೊಸ ಶ್ರೀಮಂತನ ದುಂದುಗಾರಿಕೆಯನ್ನು ವಿಡಂಬಿಸಿತು. 1862ರಲ್ಲಿ ಬಂದ 'ಹುತೋಮ್ ಪ್ಯಾಂಚಾರ್ ನಕ್ಷಾ' ಅದೇ ಲೋಕವನ್ನು ಕಲ್ಕತ್ತೆಯ ಆಡುಮಾತಿನಲ್ಲಿ ಚಿತ್ರಿಸಿತು. ಅದರ ಕರ್ತೃ ಕಾಳೀಪ್ರಸನ್ನ ಸಿಂಹ ಸ್ವತಃ ಸಿರಿವಂತ ಜಮೀನ್ದಾರಿ ಮನೆತನದವರು. ಹೀಗಾಗಿ ಲಿಖಿತ ಸಾಹಿತ್ಯದ ಈ ವಿಡಂಬನೆಯಲ್ಲಿ ಆತ್ಮವಿಮರ್ಶೆಯ ಅಂಶವೂ ಇದೆ.

ಜನಪದ ಕಲಾವಿದರ ದೃಷ್ಟಿ ಬೇರೆ ಬಗೆಯದು. ಕಾಳೀಘಾಟ್ ದೇವಾಲಯದ ಆಸುಪಾಸಿನಲ್ಲಿ ನೆಲೆಸಿದ ಪಟುವಾಗಳು ಗ್ರಾಮೀಣ ಮೂಲದ ಚಿತ್ರಕಾರರು. ಗಿರಣಿ ಕಾಗದದ ಮೇಲೆ ಜಲವರ್ಣದಲ್ಲಿ ಬೇಗಬೇಗನೆ ಬರೆದು ಯಾತ್ರಿಕರಿಗೆ ಅಗ್ಗದ ಬೆಲೆಗೆ ಮಾರುತ್ತಿದ್ದ ಅವರ ಪಟಗಳಲ್ಲಿ ಬಾಬು ಮತ್ತೆ ಮತ್ತೆ ಕಾಣಿಸಿಕೊಳ್ಳುತ್ತಾನೆ. ಒಂದರಲ್ಲಿ ಹೆಣ್ಣೊಬ್ಬಳು ಅವನನ್ನು ಪೊರಕೆಯಿಂದ ಬಡಿಯುತ್ತಾಳೆ. ಇನ್ನೊಂದರಲ್ಲಿ ಮನುಷ್ಯಮುಖದ ಕುರಿಯಾದ ಅವನನ್ನು ಹಗ್ಗ ಕಟ್ಟಿ ನಡೆಸುತ್ತಾಳೆ.

ಆದರೆ ಈ ಪಟಗಳನ್ನು ಬರೀ ಅಪಹಾಸ್ಯವೆಂದು ಓದಿದರೆ ಅವುಗಳ ಅರ್ಥ ಅಪೂರ್ಣವಾಗುತ್ತದೆ. ಅದೇ ಪಟುವಾಗಳು ನವಿಲನ್ನೇರಿದ ಕಾರ್ತಿಕೇಯನಿಗೂ ನೆರಿಗೆಯ ಧೋತಿ ಉಡಿಸಿ, ಬಕಲ್ ಬೂಟು ತೊಡಿಸಿ, ಆಲ್ಬರ್ಟ್ ಬೈತಲೆ ತೆಗೆದರು. ಕುಕ್ಕೆಯಲ್ಲಿ ನಾಗರೂಪಿಯಾಗಿ ಆರಾಧನೆಗೊಳ್ಳುವ ಸುಬ್ರಹ್ಮಣ್ಯನು ಬಂಗಾಳದ ಪಟದಲ್ಲಿ ಚೆಲುವ ಬಾಬುವಾದನು. ಒಂದೇ ವೇಷ ಕುರಿಯಾದವನ ಗುರುತೂ ಹೌದು, ದೇವರ ಅಲಂಕಾರವೂ ಹೌದು. ಜನಪದರ ನಗೆಯೊಳಗೆ ಆ ಬೆಡಗಿನ ಬಗೆಗಿನ ಮೆಚ್ಚುಗೆಯೂ ಬೆರೆತಿತ್ತೆಂಬುದು ಇದರಿಂದ ಸ್ಪಷ್ಟವಾಗುತ್ತದೆ.

ಶತಮಾನದ ಉತ್ತರಾರ್ಧದಲ್ಲಿ ಬ್ರಿಟಿಷ್ ಅಧಿಕಾರಿಗಳು 'ಬಾಬು' ಪದವನ್ನು ಇಂಗ್ಲಿಷ್ ಕಲಿತ ಭಾರತೀಯ ಗುಮಾಸ್ತನನ್ನು ಹಂಗಿಸಲು ಬಳಸತೊಡಗಿದರು. ಒಳಗಿನವರ ನಗೆಯಲ್ಲಿ ತಿದ್ದುವ ಹಂಬಲವಿತ್ತು, ಪಟುವಾಗಳ ನಗೆಯಲ್ಲಿ ಮೆಚ್ಚುಗೆಯಿತ್ತು. ಆಳುವವರ ನಗೆಯಲ್ಲಿ ಇದ್ದದ್ದು ತಿರಸ್ಕಾರ. ಸೊಗಸುಗಾರನ ಚರಿತ್ರೆಯನ್ನು ಬರೆಯುವಾಗ ಅವನನ್ನು ನೋಡಿ ನಕ್ಕವರು ಯಾರೆಂಬುದನ್ನೂ ವಿಚಾರಿಸಬೇಕಾಗುತ್ತದೆ.