ಬಲ ಹೆಚ್ಚಿದ ಕಂಬಿ, ಹಳೆಯ ಲ್ಯಾಪ್: ಕಾಂಕ್ರೀಟ್ ತೊಲೆಗಳಲ್ಲಿ ಕಂಬಿ ಜೋಡಣೆಯ ಪರಿಶೀಲನೆ

ಕಾರ್ಖಾನೆಯಿಂದ ಬರುವ ಕಂಬಿ ಸಾಮಾನ್ಯವಾಗಿ 12 ಮೀಟರ್ ಉದ್ದ. ಅದನ್ನು ಮಡಚಿ ತಂದು, ಕತ್ತರಿಸಿ, ಉಳಿದ ತುಂಡನ್ನೂ ಬಿಡದೆ ಬಳಸುವ ಮನೆ ಕೆಲಸದಲ್ಲಿ ಬೀಮಿನೊಳಗೆ ಲ್ಯಾಪ್, ಅಂದರೆ ಎರಡು ಕಂಬಿಗಳ ತುದಿಗಳನ್ನು ಒಂದರ ಪಕ್ಕ ಒಂದಿಟ್ಟು ಜೋಡಿಸುವುದು, ತಪ್ಪದು. ಗಂಡಸಿಯಂಥ ಸಣ್ಣ ಊರಿನಲ್ಲಾಗಲಿ ಬೆಂಗಳೂರಿನಲ್ಲಾಗಲಿ ಅದಕ್ಕೆ ರೂಢಿಯಲ್ಲಿರುವ ಲೆಕ್ಕ ಕಂಬಿ ದಪ್ಪದ 50 ಪಟ್ಟು. ಎಫ್‌ಇ 415 ಕಂಬಿಗೆ (ಸಂಖ್ಯೆ ಕಂಬಿಯ ಬಲದ ದರ್ಜೆಯನ್ನು ಸೂಚಿಸುತ್ತದೆ) ಇದು ಸಾಕಿತ್ತು. ಭಾರತದ ಕಾಂಕ್ರೀಟ್ ಸಂಹಿತೆ ಐಎಸ್ 456:2000ರ ಸೂತ್ರದಂತೆ ಎಂ20 ದರ್ಜೆಯ ಕಾಂಕ್ರೀಟಿನಲ್ಲಿ ಅದಕ್ಕೆ ಬೇಕಾದದ್ದು 47 ಪಟ್ಟು. ಈಗ ಅಂಗಡಿಯಲ್ಲಿ ಸಿಗುವ 500ಡಿ, 550ಡಿ ಕಂಬಿಗಳಿಗೆ ಅದೇ ಕಾಂಕ್ರೀಟಿನಲ್ಲಿ ಕ್ರಮವಾಗಿ ಸುಮಾರು 57 ಮತ್ತು 62 ಪಟ್ಟು ಬೇಕು. ಕಂಬಿ ಬದಲಾಯಿತು, ಬಾಯಿಲೆಕ್ಕ ಹಾಗೇ ಉಳಿಯಿತು.

16 ಮಿ.ಮೀ. ದಪ್ಪದ 550ಡಿ ಕಂಬಿಗೆ ರೂಢಿಯಂತೆ ಬಿಡುವುದು 800 ಮಿ.ಮೀ., ಬೇಕಿರುವುದು ಸುಮಾರು 1,000. ಅದು ಬೀಮಿನ ಮೇಲ್ಗಂಬಿಯಾಗಿದ್ದು ಕವರ್ (ಕಂಬಿಯ ಹೊರಗಿನ ಕಾಂಕ್ರೀಟ್ ಪದರ) 25 ಮಿ.ಮೀ. ಮಾತ್ರವಿದ್ದರೆ ಸಂಹಿತೆ ಇನ್ನೂ 1.4ರಿಂದ ಗುಣಿಸಲು ಹೇಳುತ್ತದೆ: ಸುಮಾರು 1,400. ಕಾರಣ, ಹಸಿ ಕಾಂಕ್ರೀಟ್ ಕೆಳಕ್ಕೆ ಕೂರುವಾಗ ಮೇಲೇರಿದ ನೀರು ಮೇಲ್ಗಂಬಿಯ ಅಡಿಯಲ್ಲಿ ನಿಂತು ಅಲ್ಲಿನ ಹಿಡಿತ ಸಡಿಲಾಗುತ್ತದೆ.

ಆದರೆ ಉದ್ದ ಹೆಚ್ಚಿಸಿದರೆ ಮುಗಿಯಿತು ಎನ್ನಲಾಗದು. ಲ್ಯಾಪಿನಲ್ಲಿ ಬಲ ಒಂದು ಕಂಬಿಯಿಂದ ಕಾಂಕ್ರೀಟಿಗೆ, ಅಲ್ಲಿಂದ ಇನ್ನೊಂದು ಕಂಬಿಗೆ ದಾಟುತ್ತದೆ. ದಾಟುವಾಗ ಕಂಬಿಯ ಮೈಮೇಲಿನ ಉಬ್ಬುಗೆರೆಗಳು ಬೆಣೆಯಂತೆ ಕಾಂಕ್ರೀಟನ್ನು ಹೊರಕ್ಕೆ ತಳ್ಳುತ್ತವೆ. ಕವರ್ ಕಂಬಿಯುದ್ದಕ್ಕೂ ಸೀಳಿ, ಮುನ್ಸೂಚನೆ ಕೊಡದೆ ಲ್ಯಾಪ್ ಬಿಟ್ಟುಕೊಳ್ಳಬಹುದು. ಹಿಡಿತದ ಒತ್ತಡ ಲ್ಯಾಪಿನ ತುದಿಗಳಲ್ಲೇ ಹೆಚ್ಚಿರುವುದರಿಂದ ಉದ್ದ ಇಮ್ಮಡಿಯಾದರೂ ಬಲ ಇಮ್ಮಡಿಯಾಗುವುದಿಲ್ಲ. ಅಮೆರಿಕದ ಕಾಂಕ್ರೀಟ್ ಸಂಹಿತೆ ಎಸಿಐ 318-19 ಇದನ್ನು ಒಪ್ಪಿಕೊಂಡು, ನಮ್ಮ 550ಕ್ಕೆ ಸಮನಾದ ದರ್ಜೆಗೆ ಶೇ. 15, ಸುಮಾರು 690ರ ದರ್ಜೆಗೆ ಶೇ. 30 ಉದ್ದ ಕೂಡಿಸುತ್ತದೆ. ಅದರ ವಿಸ್ತೃತ ಸೂತ್ರದಲ್ಲಿ ಕಂಬಿಗಳನ್ನು ಸುತ್ತಿ ಕಟ್ಟುವ ರಿಂಗುಗಳಿಗೂ ಪಾಲಿದೆ. ಐಎಸ್ 456ರ ಮೂಲಸೂತ್ರದಲ್ಲಿ ಇವೆರಡೂ ಇಲ್ಲ. ನನ್ನ ದೃಷ್ಟಿಯಲ್ಲಿ ಇದು ಸಣ್ಣ ಕೊರತೆಯಲ್ಲ.

ಜೋಡಣೆಯ ಜಾಗವೂ ಅಷ್ಟೇ ಮುಖ್ಯ. ಹಳೇಬೀಡಿನ ಗುಡಿಯಲ್ಲಿ ಕಲ್ಲುತೊಲೆಗಳು ಕಂಬದ ನೆತ್ತಿಯ ಮೇಲೆ ಕೂಡುತ್ತವೆ. ಕಲ್ಲಿಗೆ ಅದೇ ಸರಿ. ಕಾಂಕ್ರೀಟ್ ಬೀಮಿನ ಮೇಲ್ಗಂಬಿಗೆ ಅದೇ ಅತಿ ಕೆಟ್ಟ ಜಾಗ, ಏಕೆಂದರೆ ಅದರ ಎಳೆತ ಅಲ್ಲೇ ಗರಿಷ್ಠ. ತಳದ ಕಂಬಿಯ ತುಂಡುಗಳನ್ನು ಬೀಮಿನ ನಡುವೆ ಕೂಡಿಸುವುದು ಇನ್ನೂ ಅಪಾಯ: ಎಳೆತ ಹೆಚ್ಚಿರುವಲ್ಲೇ ರಿಂಗುಗಳು ವಿರಳ. ಭೂಕಂಪ ನಿರೋಧಕ ವಿವರಗಳ ಐಎಸ್ 13920:2016 ಲ್ಯಾಪಿನುದ್ದಕ್ಕೂ ರಿಂಗುಗಳ ಅಂತರ 150 ಮಿ.ಮೀ. ಮೀರಬಾರದೆನ್ನುತ್ತದೆ, ಕಡ್ಡಾಯವಲ್ಲದ ಕಡೆಯೂ ಇದನ್ನು ಪಾಲಿಸಬೇಕು. ಒಂದೇ ಕಡೆ ಅರ್ಧಕ್ಕಿಂತ ಹೆಚ್ಚು ಕಂಬಿ ಜೋಡಿಸದೆ, ಲ್ಯಾಪುಗಳ ಮಧ್ಯಬಿಂದುಗಳನ್ನು ಲ್ಯಾಪಿನ 1.3 ಪಟ್ಟು ದೂರ ಸರಿಸಬೇಕು. ಮೇಲೆ ಹೇಳಿದ 16 ಮಿ.ಮೀ. ಕಂಬಿಗೆ 800ರ ಬದಲು 1,400 ಮಿ.ಮೀ. ಬಿಟ್ಟರೂ ಪ್ರತಿ ಲ್ಯಾಪಿಗೆ ಹೆಚ್ಚುವ ಉಕ್ಕು ಒಂದು ಕಿಲೋಗಿಂತ ಕಡಿಮೆ.